ಚುಕ್ಕಿ ಮನೆಯಲ್ಲಿ ಒಬ್ಬಳೇ ಇದ್ದಾಳೆ

ಎಂಟು ವಾರದ ನಾಯಿಮರಿ ಒಂಟಿತನವನ್ನು ಕಂಡೇ ಇರುವುದಿಲ್ಲ. ಹುಟ್ಟಿದಾಗ ಅದರ ಕಣ್ಣು ಮುಚ್ಚಿರುತ್ತದೆ, ಕಿವಿ ಕೇಳುವುದಿಲ್ಲ, ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಕಣ್ಣು ತೆರೆಯಲು ಹೆಚ್ಚುಕಡಿಮೆ ಎರಡು ವಾರ ಬೇಕು, ಕಿವಿ ಕೇಳತೊಡಗುವುದು ಅದರ ನಂತರ. ಅಲ್ಲಿಯವರೆಗೆ ಅದರ ಪಾಲಿಗೆ ಲೋಕವೆಂದರೆ ತಾಯಿಯ ಹೊಟ್ಟೆ, ಒಡಹುಟ್ಟಿದ ಮರಿಗಳ ಮೈ, ಇವೆರಡರ ವಾಸನೆ. ಆ ರಾಶಿಯಿಂದ ಜಾರಿ ಆಚೆ ಬಿದ್ದ ಮರಿ ತಣ್ಣಗಾಗುತ್ತದೆ. ತಣ್ಣಗಾದರೆ ಕೂಗುತ್ತದೆ. ಕೂಗು ತಾಯಿಯನ್ನು ಮುಟ್ಟಿದರೆ ಬದುಕುತ್ತದೆ. ಹೀಗೆ ಬೆಳೆದ ಜೀವವನ್ನು ಮನೆಗೆ ಕರೆತಂದು, ಒಂದು ಬೆಳಿಗ್ಗೆ "ಇರು, ಈಗ ಬಂದೆ" ಎಂದು ಹೇಳಿ ಬಾಗಿಲು ಎಳೆದುಕೊಳ್ಳುವವರು ನಾವು. ಆ ಮಾತಿನಲ್ಲಿ "ಬಂದೆ" ಎನ್ನುವುದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ.

ಚುಕ್ಕಿ ಬರುವ ಮೊದಲು ಬಂಧುಗಳು, ಸ್ನೇಹಿತರು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿರಲಿಲ್ಲ. ಏನು ತಿನ್ನಿಸುತ್ತೀರಿ, ಲಸಿಕೆ ಯಾವಾಗ, ಎಲ್ಲಿ ಮಲಗಿಸುತ್ತೀರಿ, ಹೆಸರೇನು, ಕಚ್ಚುತ್ತದೆಯೇ. ನೀವಿಬ್ಬರೂ ಹೊರಗೆ ಹೋದಾಗ ಅದು ಏನು ಮಾಡುತ್ತದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಮನೆಯಲ್ಲಿರುವುದು ನಾನು ಮತ್ತು ನನ್ನ ತಂಗಿ. ಅವಳಿಗೆ ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ, ನನಗೆ ಆ ಸೌಲಭ್ಯವಿಲ್ಲ. ಎಂದಾದರೊಂದು ದಿನ ಚುಕ್ಕಿ ಒಬ್ಬಳೇ ಇರಬೇಕಾಗುತ್ತದೆ ಎನ್ನುವುದು ಅವಳು ನಮ್ಮ ಮನೆಯ ಹೊಸ್ತಿಲು ದಾಟಿದ ದಿನವೇ ತೀರ್ಮಾನವಾಗಿತ್ತು. ತೀರ್ಮಾನವಾಗದೆ ಉಳಿದದ್ದು ಯಾವಾಗ, ಹೇಗೆ ಎನ್ನುವುದು.

ಕೆಳಗಿನ ಮನೆಯ ತಾತನ ಬಳಿ ಇದಕ್ಕೆ ಸಿದ್ಧ ಉತ್ತರವಿತ್ತು. "ಬಿಟ್ಟು ಹೋಗಿ ಅಮ್ಮಾ, ಎರಡು ದಿನ ಅಳುತ್ತದೆ, ಮೂರನೆಯ ದಿನ ಸುಮ್ಮನಾಗುತ್ತದೆ. ನಾವು ಸಾಕಿದ ನಾಯಿಗಳೆಲ್ಲ ಹಾಗೆಯೇ ಬೆಳೆದವು." ಅವರು ಹೇಳಿದ್ದು ಸುಳ್ಳಲ್ಲ. ಮರಿ ನಿಜಕ್ಕೂ ಸುಮ್ಮನಾಗುತ್ತದೆ. ಆದರೆ ಧೈರ್ಯ ಬಂದು ಸುಮ್ಮನಾಯಿತೋ, ಕೂಗಿ ಪ್ರಯೋಜನವಿಲ್ಲವೆಂದು ಸುಮ್ಮನಾಯಿತೋ ಎಂಬುದು ಬಾಗಿಲಿನ ಈಚೆ ನಿಂತವರಿಗೆ ತಿಳಿಯುವುದಿಲ್ಲ. ಈಜು ಕಲಿಸಲು ಮಗುವನ್ನು ಬಾವಿಗೆ ತಳ್ಳಿದರೆ ಕೆಲವರು ಈಜುತ್ತಾರೆ ನಿಜ. ಉಳಿದವರು ಜೀವಮಾನವಿಡೀ ನೀರಿನ ಹತ್ತಿರ ಹೋಗುವುದಿಲ್ಲ.

ಮರಿಯ ಆ ಕೂಗನ್ನು ಹಟವೆಂದು ಕರೆಯುವವರಿಗೆ ನಾನು ಒಂದು ಹಳೆಯ ಪ್ರಯೋಗದ ಕಥೆ ಹೇಳುತ್ತೇನೆ. ಯಾಕ್ ಪ್ಯಾಂಕ್‌ಸೆಪ್ ಎಸ್ಟೋನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ನರವಿಜ್ಞಾನಿ. ಪ್ರಾಣಿಗಳಿಗೆ ಭಾವನೆಗಳಿವೆ ಎಂದರೆ ಸಹೋದ್ಯೋಗಿಗಳು ಮುಖ ಸಿಂಡರಿಸುತ್ತಿದ್ದ ಕಾಲದಲ್ಲಿ ಅದನ್ನೇ ಅಧ್ಯಯನ ಮಾಡಿದವರು. 1978ರಲ್ಲಿ ಅವರು ಮತ್ತು ಅವರ ಜೊತೆಗಾರರು ತಾಯಿಯಿಂದ, ಒಡಹುಟ್ಟಿದವರಿಂದ ಬೇರ್ಪಡಿಸಿದ ನಾಯಿಮರಿಗಳಿಗೆ ಬಹಳ ಕಡಿಮೆ ಪ್ರಮಾಣದ ಮಾರ್ಫಿನ್ ಕೊಟ್ಟು ನೋಡಿದರು. ಮರಿಗಳಿಗೆ ಮಂಪರು ಬರುವಷ್ಟು ಅಲ್ಲ, ಅದಕ್ಕಿಂತ ಕಡಿಮೆ. ಕೂಗು ತಗ್ಗಿತು. ಗಾಯದ ನೋವನ್ನು ಇಳಿಸುವ ಔಷಧವೇ ಅಗಲಿಕೆಯ ಕೂಗನ್ನೂ ಇಳಿಸಿತ್ತು. ಮೆದುಳಿನಲ್ಲಿ ಈ ಎರಡು ಸಂಕಟಗಳಿಗೂ ಎಲ್ಲೋ ಒಂದು ಕಡೆ ನಂಟಿದೆ ಎಂದು ಅವರು ವಾದಿಸಿದರು. ಇದನ್ನು ಓದಿದ ಮೇಲೆ "ನಾಟಕ ಮಾಡುತ್ತದೆ" ಎಂಬ ಮಾತು ನನ್ನ ಬಾಯಲ್ಲಿ ಬಂದಿಲ್ಲ. ಬೇರೆಯವರ ಬಾಯಲ್ಲಿ ಬಂದರೆ ಜಗಳಕ್ಕೆ ನಿಲ್ಲುತ್ತೇನೆ, ಅದು ತಂಗಿಯ ದೂರು.

ಹಾಗಂತ ಮರಿಯನ್ನು ಸದಾ ಮಡಿಲಲ್ಲಿಟ್ಟುಕೊಂಡೇ ಬೆಳೆಸಬೇಕು ಎನ್ನುವ ಪಂಥವೂ ನನಗೆ ಹಿಡಿಸುವುದಿಲ್ಲ. ಒಬ್ಬಳೇ ಇರುವುದು ಒಂದು ವಿದ್ಯೆ. ಕೂರುವುದು, ಕರೆದರೆ ಬರುವುದು, ಹೊರಗೆ ಮೂತ್ರ ಮಾಡುವುದು ಹೇಗೆ ಕಲಿಯಬೇಕಾದ ವಿದ್ಯೆಗಳೋ ಇದೂ ಹಾಗೆಯೇ. ಅದನ್ನು ಕಲಿಯಲು ಒಳ್ಳೆಯ ವಯಸ್ಸೂ ಇದೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಹಲವು ತಳಿಯ ಮರಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಪ್ರಕಟಿಸಿದ ಫಲಿತಾಂಶಗಳ ಪ್ರಕಾರ, ಮೂರರಿಂದ ಹನ್ನೆರಡು ವಾರಗಳ ನಡುವೆ ಮರಿಯ ಮನಸ್ಸು ಅತಿ ಸುಲಭವಾಗಿ ತೆರೆದುಕೊಂಡಿರುತ್ತದೆ. ಮನುಷ್ಯರು, ಸದ್ದುಗಳು, ಜಾಗಗಳು, ಯಾವುದು ತನ್ನದು ಯಾವುದು ಅಲ್ಲ ಎನ್ನುವ ಎಣಿಕೆಯ ಬಹುಪಾಲು ಆಗಲೇ ಆಗಿಹೋಗುತ್ತದೆ. ಆ ಅವಧಿಯಲ್ಲಿ ಒಂದು ಕ್ಷಣವೂ ಒಂಟಿಯಾಗಿರದ ಮರಿಗೆ ಆರನೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಖಾಲಿ ಮನೆ ಎದುರಾದರೆ ಅದು ಕಂಗಾಲಾಗದೆ ಇನ್ನೇನು ಮಾಡೀತು? 2020ರ ಲಾಕ್‌ಡೌನ್‌ನಲ್ಲಿ ಮರಿ ತಂದವರಲ್ಲಿ ಎಷ್ಟೋ ಮಂದಿಗೆ ಕಚೇರಿಗಳು ತೆರೆದ ಮೇಲೆ ಎದುರಾದದ್ದು ಇದೇ ಪಾಡು.

ಇನ್ನು ಮೂತ್ರಕೋಶದ ವಿಷಯ. ಇದನ್ನು ಯಾರೂ ಭಾವಪೂರ್ಣವಾಗಿ ಬರೆಯುವುದಿಲ್ಲ, ಆದರೆ ಎಷ್ಟು ಹೊತ್ತು ಬಿಡಬಹುದು ಎಂಬುದನ್ನು ಮೊದಲು ನಿರ್ಧರಿಸುವುದು ಅದೇ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಬರುವಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದು ಎನ್ನುವುದು ಪಶುವೈದ್ಯರೂ ತರಬೇತುದಾರರೂ ಹೇಳುವ ಅಂದಾಜು. ಎರಡು ತಿಂಗಳ ಮರಿಗೆ ಮೂರು ಗಂಟೆ. ಅದೂ ಹೊರಮಿತಿ, ಎಚ್ಚರವಿದ್ದು ಓಡಾಡುವಾಗ, ಹೊಟ್ಟೆ ತುಂಬಿರುವಾಗ ಅಷ್ಟು ಹೊತ್ತು ತಡೆಯದು. ಸಮಾಧಾನದ ಸಂಗತಿಯೆಂದರೆ ಈ ವಯಸ್ಸಿನಲ್ಲಿ ಮರಿ ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಗಂಟೆ ಮಲಗುತ್ತದೆ. ಆದ್ದರಿಂದ ಒಳ್ಳೆಯ ಯೋಜನೆಯ ಅರ್ಧ ಭಾಗ ಹೀಗಿದೆ: ಆಡಿಸಿ, ತಿನ್ನಿಸಿ, ಹೊರಗೆ ಕರೆದೊಯ್ದು, ಕಣ್ಣೆಳೆಯುವ ಹೊತ್ತಿಗೆ ಸರಿಯಾಗಿ ಹೊರಡಿ. ನಾವು ಇಲ್ಲದ ಹೊತ್ತು ಮರಿಯ ನಿದ್ದೆಯ ಹೊತ್ತಿನೊಳಗೆ ಹಿಡಿಸಬೇಕು.

ಉಳಿದರ್ಧ ಅಭ್ಯಾಸ. ಅದು ಶುರುವಾದದ್ದು ಬಚ್ಚಲುಮನೆಯ ಬಾಗಿಲಲ್ಲಿ.

ಮೊದಮೊದಲು ನಾನು ಸ್ನಾನಕ್ಕೆ ಹೋದರೂ ಚುಕ್ಕಿಗೆ ಪ್ರಳಯವಾಗುತ್ತಿತ್ತು. ಬಾಗಿಲಿನ ಕೆಳಗಿನ ಸಂದಿಯಲ್ಲಿ ಮೊದಲು ಎರಡು ಮೂಗಿನ ಹೊಳ್ಳೆ ಕಾಣಿಸಿಕೊಳ್ಳುತ್ತಿದ್ದವು, ಒದ್ದೆಯಾಗಿ, ಉಸಿರಾಡುತ್ತಾ. ಆಮೇಲೆ ಒಂದು ಪಂಜದ ತುದಿ. ಆಮೇಲೆ ತೆಳುವಾದ, ಎಳೆದ, ಕೊನೆಯಲ್ಲಿ ಪ್ರಶ್ನೆಯಂತೆ ಮೇಲೇರುವ ಒಂದು ಕುಂಯ್. ನಾನು ಬಾಗಿಲು ಮುಚ್ಚಿ ಉಸಿರು ಬಿಡುವಷ್ಟರಲ್ಲಿ ತೆರೆಯುತ್ತಿದ್ದೆ. ಮುಖ್ಯವಾದದ್ದು ಕುಂಯ್ ಬರುವ ಮೊದಲೇ ತೆರೆಯುವುದು. ಅವಳು ಸಹಿಸಬಲ್ಲಷ್ಟು ಹೊತ್ತು ಮಾತ್ರ ಮುಚ್ಚಿದ ಬಾಗಿಲು, ಅದಕ್ಕಿಂತ ಒಂದು ಕ್ಷಣ ಹೆಚ್ಚಲ್ಲ. ನಂತರ ಹಲ್ಲುಜ್ಜುವಷ್ಟು ಹೊತ್ತು. ನಂತರ ಸ್ನಾನದಷ್ಟು. ಪ್ರತಿ ಬಾರಿಯೂ ಹಿಂದಿನದಕ್ಕಿಂತ ಉದ್ದವಾಗಿರಬೇಕು ಎಂದೇನೂ ಇಲ್ಲ; ಉದ್ದದ ನಡುವೆ ಗಿಡ್ಡವೂ ಬರುತ್ತಿದ್ದರೆ ಪ್ರತಿ ಸಲವೂ ಕಷ್ಟ ಹೆಚ್ಚುತ್ತದೆ ಎಂಬ ಎಣಿಕೆ ಮರಿಯ ತಲೆಯಲ್ಲಿ ಕೂರುವುದಿಲ್ಲ.

ಕೀಲಿಕೈಯ ಕಥೆ ಬೇರೆ. ನಾಯಿಗಳು ನಮ್ಮ ಹೊರಡುವಿಕೆಯನ್ನು ನಾವು ಹೊರಡುವ ಎಷ್ಟೋ ಮೊದಲೇ ಓದಿಕೊಳ್ಳುತ್ತವೆ. ಚಪ್ಪಲಿ, ಚೀಲದ ಜಿಪ್, ಕೀಲಿಗೊಂಚಲಿನ ಸದ್ದು, ಇವೆಲ್ಲ ಸೇರಿ ಒಂದು ಮುನ್ಸೂಚನೆ. ಮನುಷ್ಯ ಹೋಗುವುದಕ್ಕಿಂತ ಈ ಮುನ್ಸೂಚನೆಯೇ ಹೆಚ್ಚು ಹೆದರಿಸುವುದುಂಟು. ಆದ್ದರಿಂದ ತಂಗಿ ದಿನವಿಡೀ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದಳು. ನಾನು ಚಪ್ಪಲಿ ಮೆಟ್ಟಿ ಸೋಫಾದಲ್ಲಿ ಕುಳಿತು ಪತ್ರಿಕೆ ಓದಿದೆ. ಬಾಗಿಲವರೆಗೆ ನಡೆದು ಹಿಡಿಕೆ ಮುಟ್ಟಿ ವಾಪಸ್ ಬಂದು ಲೋಟ ತೊಳೆದೆ. ಹೊರಗಿನವರು ನೋಡಿದ್ದರೆ ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಆದರೆ ಕೀಲಿ ಸದ್ದಾದಾಗ ಚುಕ್ಕಿ ತಲೆ ಎತ್ತದೆ ಮಲಗಿಯೇ ಇದ್ದ ಸಂಜೆ ನಮಗಾದ ಸಂತೋಷವನ್ನು ನಾಯಿ ಸಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಡಚುವ ಬೇಲಿಯೊಂದನ್ನು ತಂದು ಹಜಾರದ ಮೂಲೆಯಲ್ಲಿ ನಿಲ್ಲಿಸಿದೆವು. ಒಳಗೆ ಹಾಸಿಗೆ, ನೀರು, ಒಂದು ತುದಿಯಲ್ಲಿ ಮೂತ್ರ ಹೀರುವ ಹಾಳೆ. ಸುತ್ತಮುತ್ತ ವೈರ್ ಇಲ್ಲ, ಪರದೆಯ ದಾರವಿಲ್ಲ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಕ್ಸೈಲಿಟಾಲ್ ಎಂಬ ಸಿಹಿಕಾರಕ ಬೆರೆತ ಚ್ಯೂಯಿಂಗ್ ಗಮ್ ನಾಯಿಗೆ ವಿಷವಾಗಬಲ್ಲವು, ಅವು ಕಪಾಟಿನೊಳಗೆ. ಕೊರಳಪಟ್ಟಿ ಕಂಬಿಗೆ ಸಿಕ್ಕಿಕೊಂಡರೆ ಬಿಡಿಸಲು ಯಾರೂ ಇರುವುದಿಲ್ಲವಾದ್ದರಿಂದ ಅದನ್ನು ಕಳಚಿಟ್ಟೇ ಹೊರಡಬೇಕು. ಈ ಕೊನೆಯದು ಬಹಳ ಜನರಿಗೆ ಹೊಳೆಯುವುದಿಲ್ಲ. ಬೇಲಿಯೊಳಗಿನ ಬದುಕನ್ನೂ ನಾವು ಮನೆಯಲ್ಲಿರುವಾಗಲೇ ರೂಢಿ ಮಾಡಿಸಿದೆವು. ಊಟವೂ ಅಲ್ಲೇ, ಒಳ್ಳೆಯ ಆಟಿಕೆಯೂ ಅಲ್ಲೇ. ನಾವು ಹೋಗುವಾಗ ಮಾತ್ರ ಒಳಗೆ ಹಾಕಿದರೆ ಬೇಲಿಯೂ ಕೀಲಿಗೊಂಚಲಿನ ಸಾಲಿಗೆ ಸೇರುತ್ತದೆ.

ಹೊರಡುವ ಮೊದಲು ಮರಿಯನ್ನು ಮುದ್ದಿಸಬಾರದು, ಇಪ್ಪತ್ತು ನಿಮಿಷ ಕಣ್ಣೆತ್ತಿಯೂ ನೋಡಬಾರದು ಎಂಬುದು ಬಹಳ ಕಾಲದಿಂದ ಚಾಲ್ತಿಯಲ್ಲಿರುವ ಸಲಹೆ. ತಂಗಿಗೆ ಅದರಲ್ಲಿ ನಂಬಿಕೆ, ನನಗೆ ಇಲ್ಲ. 2018ರಲ್ಲಿ ಇಟಲಿಯ ಸಂಶೋಧಕರು ಹತ್ತು ನಾಯಿಗಳ ಮೇಲೆ ನಡೆಸಿದ ಒಂದು ಪುಟ್ಟ ಅಧ್ಯಯನದಲ್ಲಿ, ಒಡೆಯರು ಹೋಗುವ ಮೊದಲು ಮೈದಡವಿದಾಗ ನಾಯಿಗಳು ಹೆಚ್ಚು ಹೊತ್ತು ಶಾಂತವಾಗಿದ್ದವು. ಹತ್ತೇ ನಾಯಿಗಳು, ಅದೂ ಅಗಲಿಕೆಯ ತೊಂದರೆಯಿಲ್ಲದವು, ಆದ್ದರಿಂದ ಇದನ್ನು ಬ್ರಹ್ಮಲಿಪಿ ಎನ್ನಲಾಗದು. ಆದರೂ ಮನೆಯಲ್ಲಿ ಉಳಿಯುವವಳಿಗೆ ಒಂದು ಮಾತು ಹೇಳದೆ ಹೊರಡುವುದು ನನ್ನ ಸ್ವಭಾವಕ್ಕೆ ಒಗ್ಗದ ಕೆಲಸ. ಗೋಳಾಡುತ್ತಾ ಹತ್ತು ಸಲ ಬೀಳ್ಕೊಡುವುದು ಬೇಡ, ಅಷ್ಟೇ.

ಕೊನೆಗೆ ಇಬ್ಬರೂ ಒಟ್ಟಿಗೆ ಹೊರಡಲೇಬೇಕಾದ ಬೆಳಿಗ್ಗೆ ಬಂತು. ಬ್ಯಾಂಕಿನಲ್ಲಿ ಇಬ್ಬರ ಸಹಿಯೂ ಬೇಕಿತ್ತು, ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಹಳೆಯ ಮೊಬೈಲನ್ನು ಪುಸ್ತಕದ ಕಪಾಟಿನ ಮೇಲೆ ಕ್ಯಾಮೆರಾ ಮಾಡಿ ನಿಲ್ಲಿಸಿದೆವು. ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆಗೆ ಅವಳ ಊಟವನ್ನೇ ತುರುಕಿ, ಬೇಲಿಯೊಳಗಿಟ್ಟು, ಬೆನ್ನು ಸವರಿ ಹೊರಟೆವು. ಮೆಟ್ಟಿಲು ಇಳಿಯುವ ಮೊದಲೇ ತಂಗಿ ಫೋನ್ ತೆರೆದಳು.

ಪರದೆಯಲ್ಲಿ ಚುಕ್ಕಿ ಆಟಿಕೆಯ ಕಡೆ ನೋಡಿಯೂ ಇರಲಿಲ್ಲ. ಬೇಲಿಯ ಮೂಲೆಯಲ್ಲಿ, ಬಾಗಿಲಿಗೆ ಅತಿ ಹತ್ತಿರವಾದ ಕಂಬಿಯ ಬಳಿ ನಿಂತಿದ್ದಳು. ಮುಂಗಾಲೊಂದು ನೆಲದಿಂದ ಎತ್ತಿದ್ದು ಹಾಗೆಯೇ ಇತ್ತು. ಒಂದು ಕಿವಿ ಮುಂದಕ್ಕೆ, ಇನ್ನೊಂದು ಮಡಚಿಕೊಂಡು. ಬುಡಾಪೆಸ್ಟ್‌ನ ಸಂಶೋಧಕ ಯೋಸೆಫ್ ಟೋಪಾಲ್ ಮತ್ತು ಜೊತೆಗಾರರು, ಮಕ್ಕಳಿಗಾಗಿ ಬೇರೆಯವರು ರೂಪಿಸಿದ್ದ ಅಗಲಿಕೆಯ ಪರೀಕ್ಷೆಯೊಂದನ್ನು 1998ರಲ್ಲಿ ನಾಯಿಗಳಿಗೆ ಹೊಂದಿಸಿ ನೋಡಿದಾಗ, ಒಡೆಯರು ಹೊರಗೆ ಹೋದಾಗ ನಾಯಿಗಳು ಮತ್ತೆ ಮತ್ತೆ ಬಾಗಿಲ ಬಳಿಯೇ ನಿಂತದ್ದು ಕಂಡುಬಂದಿತ್ತು. ಓದಿದ್ದೆ. ಆದರೆ ಓದಿದ್ದು ನಮ್ಮದೇ ಹಜಾರದಲ್ಲಿ ಎತ್ತಿದ ಮುಂಗಾಲಿನೊಂದಿಗೆ ನಿಂತಾಗ ಓದು ಹೆಚ್ಚು ನೆರವಿಗೆ ಬರುವುದಿಲ್ಲ.

ಎರಡು ಸಲ ಕುಂಯ್ ಎಂದಳು. ಫೋನಿನ ಚಿಕ್ಕ ಸ್ಪೀಕರ್‌ನಲ್ಲಿ ಅದು ಸೊಳ್ಳೆಯ ಸದ್ದಿಗಿಂತ ದೊಡ್ಡದಾಗಿರಲಿಲ್ಲ.

"ಅಕ್ಕಾ, ವಾಪಸ್ ಹೋಗೋಣವೇ?" ಎಂದಳು ತಂಗಿ.

"ಇನ್ನೊಂದು ನಿಮಿಷ ನೋಡೋಣ."

"ನಿನಗೆ ಕರುಳೇ ಇಲ್ಲ."

ಕರುಳಿತ್ತು. ಕೂಗಿನ ಬಗೆಯನ್ನು ಕೇಳಿಸಿಕೊಳ್ಳುತ್ತಿದ್ದೆ. ಬಿಟ್ಟುಬಿಟ್ಟು ಬರುವ ಸಣ್ಣ ಕುಂಯ್‌ಗುಟ್ಟುವಿಕೆ ಬೇರೆ. ಉಸಿರು ತೆಗೆಯಲೂ ಬಿಡುವಿಲ್ಲದೆ ಏರುತ್ತಾ ಹೋಗುವ ಕೂಗು, ಜೊಲ್ಲು ಸುರಿಸುವುದು, ಕಂಬಿ ಕಚ್ಚುವುದು, ಒಂದೇ ಸಮನೆ ಸುತ್ತುವುದು ಬೇರೆ. ಎರಡನೆಯದಾದರೆ ಬ್ಯಾಂಕು ನಾಳೆಯೂ ತೆರೆದಿರುತ್ತದೆ, ವಾಪಸ್ ಹೋಗಲೇಬೇಕು. ಚುಕ್ಕಿ ಕಾಲು ಕೆಳಗಿಟ್ಟಳು. ಹಾಸಿಗೆಯವರೆಗೆ ಹೋದಳು, ಮತ್ತೆ ಮೂಲೆಗೆ ಬಂದಳು, ಗಾಳಿ ಮೂಸಿದಳು. ನಂತರ ಆಟಿಕೆಯನ್ನು ಈಗಷ್ಟೇ ಕಂಡವಳಂತೆ ಪಂಜದಿಂದ ತಳ್ಳಿದಳು. ಅದು ಉರುಳಿತು. ಹಿಂದೆ ಹೋದಳು. ನಾವು ಬ್ಯಾಂಕ್ ಮುಟ್ಟುವ ಹೊತ್ತಿಗೆ ಆಟಿಕೆಯೊಳಗೆ ಮೂತಿ ತೂರಿಸಿಕೊಂಡು ಮಲಗಿದ್ದಳು, ನಾವು ಸಹಿ ಹಾಕುವ ಹೊತ್ತಿಗೆ ಹೊಟ್ಟೆ ಮೇಲೆ ಮಾಡಿ ನಿದ್ದೆ ಹೋಗಿದ್ದಳು.

ಕ್ಯಾಮೆರಾ ಬಹಳ ಉಪಯುಕ್ತ ವಸ್ತು. ಅಗಲಿಕೆಯ ತೊಂದರೆ ಇದ್ದರೆ ಅದು ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ತಲೆ ಎತ್ತುತ್ತದೆ. ಆ ಅರ್ಧ ಗಂಟೆಯ ವಿಡಿಯೊ ಪಶುವೈದ್ಯರಿಗೆ ನಮ್ಮ ಹತ್ತು ನಿಮಿಷದ ವರ್ಣನೆಗಿಂತ ಹೆಚ್ಚು ಹೇಳುತ್ತದೆ. ಆದರೆ ನಿದ್ದೆ ಮಾಡುತ್ತಿರುವ ನಾಯಿಮರಿಯನ್ನು ಗಂಟೆಗಟ್ಟಲೆ ನೋಡುವುದರಿಂದ ನಾಯಿಮರಿಗೆ ಏನೂ ಲಾಭವಿಲ್ಲ. ಬ್ಯಾಂಕಿನ ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಅಪರಿಚಿತರೊಬ್ಬರೂ ಚುಕ್ಕಿಯ ಹೊಟ್ಟೆ ಏರಿಳಿಯುವುದನ್ನು ಬಗ್ಗಿ ನೋಡಿದರು. ನಗು ಬಂತು. ಆ ಬೆಳಿಗ್ಗೆ ಅಗಲಿಕೆಯ ಸಂಕಟದಲ್ಲಿ ಇದ್ದವರು ಯಾರು ಎಂದು ತಂಗಿಯನ್ನು ಕೇಳಿದರೆ ಅವಳು ಇಂದಿಗೂ ಉತ್ತರಿಸುವುದಿಲ್ಲ.

ಮನೆಗೆ ಮರಳಿದಾಗ ಬೇಲಿಯೊಳಗಿನ ಹಾಳೆ ನೂರು ಚೂರಾಗಿತ್ತು. ನಮ್ಮನ್ನು ಕಂಡು ಇಡೀ ಹಿಂಭಾಗವನ್ನೇ ಅಲ್ಲಾಡಿಸುತ್ತಾ ಬಂದವಳು, ತಂಗಿ "ಏನಿದು ಚುಕ್ಕಿ?" ಎಂದು ಗದರಿದೊಡನೆ ಕಿವಿ ಹಿಂದಕ್ಕೆ ಮಾಡಿ, ಮುಖ ತಿರುಗಿಸಿ, ನೆಲಕ್ಕೆ ಅಂಟಿಕೊಂಡಳು. "ನೋಡು, ತಪ್ಪು ಮಾಡಿದೆ ಅಂತ ಗೊತ್ತು ಇವಳಿಗೆ" ಎಂದಳು ತಂಗಿ. ಗೊತ್ತಿರುವುದಿಲ್ಲ. 2009ರಲ್ಲಿ ನಾಯಿಗಳ ನಡವಳಿಕೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನು ಜಾಣತನದಿಂದ ಪರೀಕ್ಷಿಸಿದ್ದರು. ತಿನ್ನಬೇಡ ಎಂದು ಹೇಳಿ ತಿಂಡಿ ಇಟ್ಟು ಒಡೆಯರು ಹೊರಗೆ ಹೋಗುವುದು. ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಕೆಲವೊಮ್ಮೆ ಒಡೆಯರಿಗೆ ತಪ್ಪಾಗಿ ತಿಳಿಸುವುದು. ಆ ತಪ್ಪಿತಸ್ಥ ಮುಖ ಕಾಣಿಸಿದ್ದು ನಾಯಿ ತಿಂದದ್ದರಿಂದಲ್ಲ, ಒಡೆಯರು ಗದರಿದ್ದರಿಂದ. ತಿನ್ನದೆ ಗದರಿಸಿಕೊಂಡ ನಾಯಿಗಳೂ ಅದೇ ಮುಖ ಮಾಡಿದವು. ಗಂಟೆಯ ಹಿಂದೆ ಹರಿದ ಹಾಳೆಗೂ ಈಗ ಬಿದ್ದ ಬೈಗುಳಕ್ಕೂ ಮರಿ ನಂಟು ಕಟ್ಟಲಾರದು. ಅದು ಕಟ್ಟಬಹುದಾದ ನಂಟು ಒಂದೇ: ಇವರು ಹೋಗುತ್ತಾರೆ, ಬಂದಾಗ ಸಿಟ್ಟಾಗಿರುತ್ತಾರೆ. ಮುಂದಿನ ಸಲ ನಾವು ಹೊರಡುವುದು ಅವಳಿಗೆ ಇನ್ನಷ್ಟು ಭಾರವಾಗಲು ಇಷ್ಟು ಸಾಕು. ನಾನು ಚೂರುಗಳನ್ನು ಗುಡಿಸಿದೆ. ತಂಗಿ ಚುಕ್ಕಿಯನ್ನು ಹೊರಗೆ ಕರೆದುಕೊಂಡು ಹೋದಳು, ಅದು ನಿಜಕ್ಕೂ ತುರ್ತಾಗಿತ್ತು.

ನಾಯಿಗೆ ಹೊತ್ತಿನ ಲೆಕ್ಕವಿಲ್ಲ, ಹತ್ತು ನಿಮಿಷವೂ ಒಂದೇ ಹತ್ತು ಗಂಟೆಯೂ ಒಂದೇ ಎನ್ನುವವರಿದ್ದಾರೆ. ಇದು ಬಿಟ್ಟುಹೋಗುವವರಿಗೆ ಅನುಕೂಲದ ಮಾತು. ಸ್ವೀಡನ್ನಿನ ತೆರೇಸ್ ರೇನ್ ಮತ್ತು ಲಿಂಡಾ ಕೀಲಿಂಗ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಯಿಗಳನ್ನು ಅರ್ಧ ಗಂಟೆ, ಎರಡು ಗಂಟೆ, ನಾಲ್ಕು ಗಂಟೆ ಒಂಟಿಯಾಗಿ ಬಿಟ್ಟು ನೋಡಿದರು. ಅರ್ಧ ಗಂಟೆಯ ನಂತರದ ಸ್ವಾಗತಕ್ಕಿಂತ ಎರಡು ಗಂಟೆಯ ನಂತರದ ಸ್ವಾಗತ ಹೆಚ್ಚು ಜೋರಾಗಿತ್ತು. ಗಡಿಯಾರದಂತೆ ಅಲ್ಲದಿದ್ದರೂ, ಹೊತ್ತು ಹೋದದ್ದು ಅವಕ್ಕೆ ಹೇಗೋ ತಾಗುತ್ತದೆ. ಅದೇ ಸ್ವೀಡನ್ನಿನ ನಿಯಮಗಳಲ್ಲಿ, ಮನೆಯೊಳಗಿರುವ ನಾಯಿಯನ್ನು ಹಗಲಿನಲ್ಲಿ ಕನಿಷ್ಠ ಆರು ಗಂಟೆಗೊಮ್ಮೆ ಹೊರಗೆ ಬಿಡಬೇಕು, ಮರಿಗಳನ್ನು ಅದಕ್ಕಿಂತ ಹೆಚ್ಚು ಸಲ ಎಂದಿದೆ. ಸರಕಾರ ಹೇಳದಿದ್ದರೂ ಪಾಲಿಸಬಹುದಾದ ನಿಯಮ.

ಎಲ್ಲ ಮರಿಗಳೂ ಚುಕ್ಕಿಯಷ್ಟು ಬೇಗ ಆಟಿಕೆಯ ಕಡೆ ತಿರುಗುವುದಿಲ್ಲ. ಎಲ್ಲವನ್ನೂ ಕ್ರಮವಾಗಿ ಮಾಡಿಯೂ, ಒಡೆಯರ ಬೆನ್ನು ಕಂಡೊಡನೆ ಬಾಗಿಲು ಗೀಚಿ ಉಗುರು ಕಿತ್ತುಕೊಳ್ಳುವ ನಾಯಿಗಳಿವೆ. ಅದು ಸಾಕಿದವರ ಸೋಲಲ್ಲ, ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಅಮೆರಿಕದಲ್ಲಿ ನಾಯಿಗಳ ಈ ತೊಂದರೆಗೆಂದೇ ಕ್ಲೋಮಿಪ್ರಮಿನ್ ಎಂಬ ಔಷಧಕ್ಕೆ 1990ರ ದಶಕದ ಕೊನೆಯಲ್ಲಿ, ಫ್ಲುಆಕ್ಸೆಟಿನ್‌ಗೆ 2007ರಲ್ಲಿ ಒಪ್ಪಿಗೆ ದೊರೆಯಿತು. ಎರಡೂ ಅಭ್ಯಾಸದ ಜೊತೆಗೆ ಕೊಡುವಂಥವು, ಅಭ್ಯಾಸದ ಬದಲಿಗಲ್ಲ. "ಇನ್ನೊಂದು ನಾಯಿ ತನ್ನಿ, ಸರಿಹೋಗುತ್ತದೆ" ಎಂಬ ಸಲಹೆಯನ್ನು ಮಾತ್ರ ಯೋಚಿಸಿ ತೆಗೆದುಕೊಳ್ಳಿ. ನಾಯಿಯ ಹಂಬಲ ಮನುಷ್ಯನಿಗಾಗಿದ್ದರೆ ಇನ್ನೊಂದು ನಾಯಿ ಆ ಜಾಗವನ್ನು ತುಂಬುವುದಿಲ್ಲ, ಖರ್ಚು ಮಾತ್ರ ಎರಡರಷ್ಟಾಗುತ್ತದೆ.

ಈಗ ಚುಕ್ಕಿಯ ಹಾಲುಹಲ್ಲುಗಳು ಬೀಳತೊಡಗಿವೆ. ಇಪ್ಪತ್ತೆಂಟು ಬಿದ್ದು ನಲವತ್ತೆರಡು ಬರುವವರೆಗೆ ಕುರ್ಚಿಯ ಕಾಲಿಗೂ ಬೇಲಿಯ ಕಂಬಿಗೂ ಒಂದೇ ಗತಿ. ಮುಂದಿನ ತಿಂಗಳಿನಿಂದ ತಂಗಿಯೂ ದಿನಾ ಕಚೇರಿಗೆ ಹೋಗಬೇಕಾಗಿದೆ. ನಡುಮಧ್ಯಾಹ್ನ ಬಂದು ಚುಕ್ಕಿಯನ್ನು ಹೊರಗೆ ಕರೆದೊಯ್ಯಲು ಕೆಳಗಿನ ಮನೆಯ ತಾತ ಒಪ್ಪಿದ್ದಾರೆ. ಮರಿಯನ್ನು ಬೇಲಿಯೊಳಗೆ ಕೂಡಿಹಾಕುವುದು ಅವರಿಗೆ ಸುತರಾಂ ಇಷ್ಟವಿಲ್ಲ, ತಾವು ಬಂದಾಗಲೆಲ್ಲ ಇಡೀ ಮನೆ ತೆರೆದುಬಿಡುತ್ತೇನೆ ಎನ್ನುತ್ತಾರೆ. ಮನೆಯಲ್ಲಿರುವ ವೈರ್‌ಗಳ ಪಟ್ಟಿಯೊಂದನ್ನು ತಂಗಿ ಬರೆದು ಅವರ ಕೈಗೆ ಕೊಟ್ಟಿದ್ದಾಳೆ. ಕನ್ನಡಕ ಸಿಕ್ಕಿದಾಗ ಓದುತ್ತಾರಂತೆ.